ಪತಿ, ಕಾಂತೆ, ಎಂಬಾಪೆ: ಫ್ರೆಂಚ್ ಆಟಗಾರರ ಹೆಸರು ಹೇಳೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಬಸ್ಸಲ್ಲೋ ಮೆಟ್ರೊದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಮೊದಲೇ ಹೇಳಿಬಿಡ್ತೀನಿ, ಇವತ್ತು ಮಧ್ಯೆ ಮಧ್ಯೆ ನಿಮ್ಮ ಕೈಲಿ ಕೆಲವು ಹೆಸರು ಹೇಳಿಸ್ತೀನಿ. ಪಕ್ಕದಲ್ಲಿ ಕೂತವರು ತಿರುಗಿ ನೋಡಿದ್ರೆ ನಾನು ಜವಾಬ್ದಾರ ಅಲ್ಲ.

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. 2022ರ ಡಿಸೆಂಬರ್ 18, ಭಾನುವಾರ. ಕತಾರ್ ವಿಶ್ವಕಪ್ ಫೈನಲ್, ಅರ್ಜೆಂಟೀನಾ ಮತ್ತು ಫ್ರಾನ್ಸ್. ನಮ್ಮ ರೂಮಲ್ಲಿ ನಾಲ್ಕು ಜನ ಒಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ಅದರಲ್ಲಿ ಒಬ್ಬ ನಮ್ಮ ಚಿಕ್ಕಪ್ಪನ ಮಗ, ಆಗ ಪಿಯುಸಿ ಓದ್ತಿದ್ದ, ದಾವಣಗೆರೆಯಿಂದ ಬಂದಿದ್ದ. ಅವನಿಗೆ ಫುಟ್‌ಬಾಲ್ ಹುಚ್ಚು ನನಗಿಂತ ಜಾಸ್ತಿ. ಆದ್ರೆ ಅವನು ಆಟಗಾರರನ್ನ ಕಲಿತಿದ್ದು ಓದಿ. ಸ್ಕೋರ್ ಆ್ಯಪ್, ಪೇಪರ್, ಮೊಬೈಲ್ ಗೇಮ್, ಅಷ್ಟೇ. ಮ್ಯಾಚ್ ಶುರುವಾಗೋ ಮುಂಚೆ ಟೀಮ್ ಲಿಸ್ಟ್ ಬಂತು. ಅವನು ಖುಷಿಯಾಗಿ ಕೇಳ್ದ, "ಅಣ್ಣಾ, ಈ ಟಿಚೌಮೆನಿ ಸಖತ್ ಆಡ್ತಾನಲ್ವಾ?"

ನಾನು ಜೋರಾಗಿ ನಕ್ಕೆ. "ಏನಂದೆ? ಟಿಚೌಮೆನಿನಾ? ಲೋ, ಅದು ಚುವಮೆನಿ ಕಣೋ." ಇನ್ನಿಬ್ಬರೂ ನಕ್ಕರು. ಅವನೂ ನಕ್ಕ.

ಆಮೇಲೆ ಮೂರು ಗಂಟೆ ಹೊತ್ತು, ಎಕ್ಸ್‌ಟ್ರಾ ಟೈಮ್ ಮುಗಿದು ಪೆನಾಲ್ಟಿ ಆಗೋವರೆಗೂ, ಅವನು ಒಬ್ಬೇ ಒಬ್ಬ ಫ್ರೆಂಚ್ ಆಟಗಾರನ ಹೆಸರು ಹೇಳಲಿಲ್ಲ. "ಆ 7ನೇ ನಂಬರು," "ಗೋಲಿ," "ಅವನು, ಲೆಫ್ಟ್‌ನಲ್ಲಿರೋನು." ಎಂಬಾಪೆ 80ನೇ ನಿಮಿಷಕ್ಕೊಂದು, 81ಕ್ಕೊಂದು ಗೋಲ್ ಹೊಡೆದಾಗ ಇಡೀ ರೂಮು ಕಿರುಚಿತು. ಅವನೂ ಕಿರುಚಿದ, ಹೆಸರಿಲ್ಲದೆ. ಕೊನೆಗೆ ಶೂಟೌಟಲ್ಲಿ ಚುವಮೆನಿನೇ ಬಾಲನ್ನ ಹೊರಗೆ ಹೊಡೆದ. ಆಗ ನನ್ನ ತಮ್ಮ ಮೆಲ್ಲಗೆ ಹೇಳಿದ್ದು, "ಅಯ್ಯೋ, 8ನೇ ನಂಬರು ಮಿಸ್ ಮಾಡ್ದ."

ನನಗೆ ಅದು ಗೊತ್ತಾಗಿದ್ದು ರಾತ್ರಿ ಮಲಗಿದ ಮೇಲೆ. ಛೆ ಅನಿಸ್ತು. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ, ನಾನು ಹೇಳಿದ 'ಚುವಮೆನಿ' ಸರಿಯಾ ಅಂತ ನನಗೂ ಗ್ಯಾರಂಟಿ ಇರಲಿಲ್ಲ. ಯಾವುದೋ ಇಂಗ್ಲಿಷ್ ಕಾಮೆಂಟರಿಯಲ್ಲಿ ಕೇಳಿದ್ದೆ, ಅಷ್ಟೇ.

ಹಾಗಾಗಿ ಇವತ್ತಿನ ವಿಷಯ: ಫ್ರೆಂಚ್ ಫುಟ್‌ಬಾಲ್ ಆಟಗಾರನ ಹೆಸರನ್ನ ಇಂಗ್ಲಿಷಲ್ಲಿ ಹೇಳುವಾಗ 'ಸರಿ' ಅಂದ್ರೆ ಏನು?

ಇದಕ್ಕೆ ನನ್ನ ಹತ್ರ ಒಂದು ಪರೀಕ್ಷೆ ಇದೆ. ಹೆಸರು, ಕುಂಬ್ಳೆ ಪರೀಕ್ಷೆ. ನಗಬೇಡಿ, ಕೇಳಿ. ಅನಿಲ್ ಕುಂಬ್ಳೆ 1990ರಿಂದ 2008ರವರೆಗೆ ಆಡಿದ್ರು. ಅಷ್ಟೂ ವರ್ಷ ಇಂಗ್ಲಿಷ್ ಕಾಮೆಂಟೇಟರ್‌ಗಳು ಅವರನ್ನ 'ಕುಂಬ್ಲೆ' ಅಂದ್ರು. ಇಂಗ್ಲಿಷಲ್ಲಿ ಳ ಇಲ್ಲ, ಏನ್ಮಾಡೋಕಾಗುತ್ತೆ? ನಮಗೆ ಯಾರಿಗೂ ಬೇಜಾರಾಗಲಿಲ್ಲ. ಆದ್ರೆ ಆ ಸ್ಪೆಲಿಂಗ್ ಇಂಗ್ಲಿಷಿನವರಿಗೆ ಹೇಗೆ ಕಾಣುತ್ತೆ ನೋಡಿ: ಹಂಬಲ್, ಟಂಬಲ್ ಥರ. ಯಾರಾದ್ರೂ 'ಅನಿಲ್ ಕಂಬಲ್' ಅಂದಿದ್ರೆ? ಅದು ತಪ್ಪು, ಅಲ್ವಾ? ಳ ಬದಲು ಲ ಬಂದ್ರೆ ಅದು ನಾಲಿಗೆಯ ಮಿತಿ. 'ಕಂಬಲ್' ಅಂದ್ರೆ ಅದು ವಿಚಾರಿಸದೇ ಓದಿದ್ದು. ಫ್ರೆಂಚ್ ಹೆಸರಿಗೂ ಇದೇ ಲೆಕ್ಕ. ಗಂಟಲಿಂದ ಬರೋ ಆ ಫ್ರೆಂಚ್ 'ರ' ನಿಮಗೆ ಬರದಿದ್ರೆ ಬಿಟ್ಟುಬಿಡಿ. ಇಂಗ್ಲಿಷ್ ವಾಕ್ಯದ ಮಧ್ಯೆ ಇದ್ದಕ್ಕಿದ್ದ ಹಾಗೆ ಗಂಟಲು ಕ್ಯಾಕರಿಸಿದ್ರೆ ಕೇಳೋರಿಗೂ ಮುಜುಗರ. ಆದ್ರೆ ಯಾವ ಅಕ್ಷರ ಸದ್ದು ಮಾಡುತ್ತೆ, ಯಾವುದು ಸುಮ್ಮನಿರುತ್ತೆ ಅನ್ನೋದು ಯಾರ ನಾಲಿಗೆಗೂ ಕಷ್ಟ ಅಲ್ಲ.

ಬಿಬಿಸಿಯಲ್ಲಿ ಇದಕ್ಕಂತಲೇ ಒಂದು ಉಚ್ಚಾರಣಾ ವಿಭಾಗ ಇದೆ. ಅದರ ಬೇರು 1926ರಲ್ಲಿ ಮಾಡಿದ ಒಂದು ಸಲಹಾ ಸಮಿತಿವರೆಗೆ ಹೋಗುತ್ತೆ. ವ್ಯಕ್ತಿಯ ಹೆಸರಿಗೆ ಅವರು ಹಿಡಿಯೋ ದಾರಿ ಸರಳ: ಆ ವ್ಯಕ್ತಿ ತನ್ನ ಹೆಸರನ್ನ ಹೇಗೆ ಹೇಳ್ಕೋತಾನೋ ಅದನ್ನ ಇಂಗ್ಲಿಷ್ ಬಾಯಿಗೆ ಒಗ್ಗೋ ಹಾಗೆ ಹೇಳಿ. ನಮ್ಮ ಕುಂಬ್ಳೆ ಪರೀಕ್ಷೆನೂ ಅದನ್ನೇ ಹೇಳೋದು, ಸ್ವಲ್ಪ ಲೋಕಲ್ ಆಗಿ.

ಸರಿ, ಈಗ ಆಟಕ್ಕೆ ಬರೋಣ. ಫ್ರೆಂಚಲ್ಲಿ ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಮೌನ. ಒಲಿವಿಯೆ ಜಿರೂ. ಸ್ಪೆಲಿಂಗಲ್ಲಿ ಕೊನೇಲಿ ಡಿ ಇದೆ, ಬಾಯಲ್ಲಿ ಇಲ್ಲ. ಮೊದಲಿನ 'ಜಿ' ಪೂರ್ತಿ ಜಿ ಅಲ್ಲ, ಟೆಲಿವಿಷನ್ ಅನ್ನೋ ಇಂಗ್ಲಿಷ್ ಪದದ ಮಧ್ಯೆ ಬರುತ್ತಲ್ಲ ಆ ಮೆತ್ತಗಿನ ಸದ್ದು. ಬೆಂಜಮಿನ್ ಪವಾರ್, 2018ರಲ್ಲಿ ಅರ್ಜೆಂಟೀನಾ ಮೇಲೆ ಆ ಅದ್ಭುತ ಗೋಲ್ ಹೊಡೆದನಲ್ಲ, ಅವನ ಡಿ ಕೂಡ ಮೌನ. ಶರದ್ ಪವಾರ್ ಗೊತ್ತಿರೋರಿಗೆ ಈ ಹೆಸರು ಮರೆಯಲ್ಲ. ಕೋಚ್ ದಿದಿಯೆ ದೆಶಾಂ ಅಂತೂ ದೊಡ್ಡ ಬಲೆ. ಅವರ ಸ್ಪೆಲಿಂಗ್ ನೋಡಿದ್ರೆ 'ಡೆಸ್‌ಚಾಂಪ್ಸ್' ಅನ್ನದೇ ಇರೋರು ಯಾರೂ ಇಲ್ಲ. ಮಧ್ಯದ ಎಸ್ ಮೌನ, ಕೊನೆಯ ಪಿ ಮೌನ, ಕೊನೆಯ ಎಸ್ ಮೌನ. ಒಂದು ಹೆಸರಲ್ಲಿ ಮೂರು ಜನ ಮೌನವ್ರತ!

ಸಿ, ಆರ್, ಎಫ್, ಎಲ್ ಕೊನೇಲಿ ಬಂದ್ರೆ ಸಾಮಾನ್ಯವಾಗಿ ಸದ್ದು ಮಾಡುತ್ವೆ. 'ಕೇರ್‌ಫುಲ್' ಅನ್ನೋ ಇಂಗ್ಲಿಷ್ ಪದದ ವ್ಯಂಜನಗಳು ಅಂತ ನೆನಪಿಟ್ಕೊಳ್ಳಿ. ಆದ್ರೆ ಹೆಸರು ಇ-ಆರ್ ಅಂತ ಮುಗಿದ್ರೆ ಹೆಚ್ಚಾಗಿ 'ಎ' ಅಂತ ನಿಲ್ಲುತ್ತೆ: ದಿದಿಯೆ, ಒಲಿವಿಯೆ. ಇನ್ನು ವ್ಯಂಜನದ ಮುಂದೆ ಒಂದು ಇ ಸೇರಿದ್ರೆ ವ್ಯಂಜನಕ್ಕೆ ಜೀವ ಬರುತ್ತೆ, ಆ ಇ ಮಾತ್ರ ಸುಮ್ಮನಿರುತ್ತೆ. ಹಾಗಾಗಿ ವರಾನ್, 'ವರಾನೆ' ಅಲ್ಲ. ಲಕಝೆತ್, ಕೊನೆಯ 'ತ್' ಕೇಳಿಸಬೇಕು.

ಆದ್ರೆ ಆ ಇ ಮೇಲೆ ಒಂದು ಓರೆ ಗೆರೆ ಇದ್ರೆ ಕಥೆನೇ ಬೇರೆ. ಆಗ ಅದನ್ನ 'ಎ' ಅಂತ ಹೇಳಲೇಬೇಕು. ಎಂಬಾಪೆ, ಕಾಂತೆ, ಕುಂದೆ, ದೆಂಬೆಲೆ. ಇಂಗ್ಲಿಷ್ ಸ್ಕೋರ್‌ಬೋರ್ಡು, ಆ್ಯಪುಗಳು ಎಷ್ಟೋ ಸಲ ಆ ಗೆರೆಯನ್ನ ನುಂಗಿಬಿಡ್ತವೆ. ಅಷ್ಟು ಸಣ್ಣ ಗೆರೆ ಹೋದ್ರೆ ವರಾನ್‌ಗೂ ಕಾಂತೆಗೂ ವ್ಯತ್ಯಾಸ ಗೊತ್ತಾಗೋದೇ ಇಲ್ಲ. ನಮ್ಮ ತಮ್ಮನಂಥ ಹುಡುಗ ಎಡವೋದು ಇಲ್ಲೇ, ಅವನ ತಪ್ಪೇನಿದೆ?

ಹ್ಞಾಂ, ಕಾಂತೆ ಅಂದಾಗ ನೆನಪಾಯ್ತು. 1998ರ ಫೈನಲಲ್ಲಿ ಬ್ರೆಜಿಲ್ ಮೇಲೆ ಮೂರನೇ ಗೋಲ್ ಹೊಡೆದ, ಉದ್ದ ಕೂದಲಿನ ಎಮಾನ್ಯುಯೆಲ್ ಪೆಟಿಟ್ ಅಂತ ಓದ್ತೀವಲ್ಲ, ಅವನ ಹೆಸರು ಬಾಯಲ್ಲಿ ಹೆಚ್ಚುಕಮ್ಮಿ 'ಪತಿ'. ಅಂದ್ರೆ ಫ್ರಾನ್ಸ್ ಮೊದಲ ವಿಶ್ವಕಪ್ ಗೆದ್ದಾಗ ಮಿಡ್‌ಫೀಲ್ಡಲ್ಲಿ ಪತಿ ಇದ್ದ, 2018ರಲ್ಲಿ ಎರಡನೇದು ಗೆದ್ದಾಗ ಅದೇ ಮಿಡ್‌ಫೀಲ್ಡಲ್ಲಿ ಕಾಂತೆ. (ನಗು) ಇಪ್ಪತ್ತು ವರ್ಷ ಕಾಯಬೇಕಾಯ್ತು ಪಾಪ.

ಜೋಕ್ ಇರಲಿ, ಇದರ ಹಿಂದೆ ಒಂದು ನಿಜವಾದ ವಿಷಯ ಇದೆ. ಫ್ರೆಂಚಿನ ಟಿ ಮತ್ತು ಡಿ ನಮ್ಮ ತ ಮತ್ತು ದಕ್ಕೆ ಹತ್ತಿರ. ನಾಲಿಗೆ ಹಲ್ಲಿಗೆ ತಾಗುತ್ತೆ. ಇಂಗ್ಲಿಷಿನ ಟಿ, ಡಿ ಸ್ವಲ್ಪ ಹಿಂದೆ, ಅದಕ್ಕೇ ನಾವು ಅದನ್ನ ಟ, ಡ ಅಂತ ಬರೀತೀವಿ. ಫ್ರೆಂಚ್ ಹೆಸರು ನಮ್ಮ ಹತ್ರ ಇಂಗ್ಲಿಷ್ ಮೂಲಕ ಬಂತು ನೋಡಿ, ಹಾಗಾಗಿ ದೆಂಬೆಲೆ 'ಡೆಂಬೆಲೆ' ಆದ, ದಿದಿಯೆ 'ಡಿಡಿಯರ್' ಆದ. ಇಂಗ್ಲಿಷಲ್ಲಿ ಮಾತಾಡುವಾಗ ಡೆಂಬೆಲೆ ಅನ್ನಿ, ಅದು ಇಂಗ್ಲಿಷಿನ ಸರಿ. ಆದ್ರೆ ಕನ್ನಡದಲ್ಲಿ ಮಾತಾಡುವಾಗ ನಮಗೆ ಇನ್ನೂ ಹತ್ತಿರದ ಅಕ್ಷರ ಇರುವಾಗ ಇಂಗ್ಲಿಷಿನವರ ಮಿತಿಯನ್ನ ನಾವ್ಯಾಕೆ ಹೊರಬೇಕು?

ಒತ್ತಿನ ವಿಷಯದಲ್ಲೂ ನಮಗೆ ಲಾಭ ಇದೆ. ಇಂಗ್ಲಿಷಿಗೆ ಪ್ರತಿ ಪದದಲ್ಲೂ ಎಲ್ಲಾದ್ರೂ ಒಂದು ಕಡೆ ಗುದ್ದಲೇಬೇಕು. ಬ್ಯಾಲೆ ಅನ್ನೋ ಡ್ಯಾನ್ಸಿನ ಹೆಸರನ್ನೇ ತಗೊಳ್ಳಿ, ಬ್ರಿಟಿಷರು 'ಬ್ಯಾ' ಮೇಲೆ ಒತ್ತು ಕೊಟ್ರೆ ಅಮೆರಿಕದವರು 'ಲೇ' ಮೇಲೆ ಕೊಡ್ತಾರೆ. ಫ್ರೆಂಚಿನ ಹೆಸರು ಹೆಚ್ಚು ಸಮತಟ್ಟಾಗಿ ಹೋಗಿ ಕೊನೇಲಿ ಸ್ವಲ್ಪ ನಿಲ್ಲುತ್ತೆ. ಕನ್ನಡದಲ್ಲೂ ನಾವು ಅಕ್ಷರ ಅಕ್ಷರಕ್ಕೆ ಹೆಚ್ಚುಕಮ್ಮಿ ಸಮನಾಗೇ ತೂಕ ಕೊಡ್ತೀವಿ. ಸೋ, ಸುಮ್ಮನೆ ನಮ್ಮ ಥರಾನೇ ಹೇಳಿ, ಅರ್ಧ ಕೆಲಸ ಆಯ್ತು.

ಚುವಮೆನಿಗೆ ವಾಪಸ್ ಬರೋಣ. ಆ ಹೆಸರು ಯಾಕೆ ಟಿ-ಸಿ-ಎಚ್ ಅಂತ ಶುರುವಾಗುತ್ತೆ? ಫ್ರೆಂಚಲ್ಲಿ ಸಿ-ಎಚ್ ಅಂದ್ರೆ ಸಾಮಾನ್ಯವಾಗಿ ಶ. ದೆಶಾಂ ನೋಡಿದ್ವಲ್ಲ. ಹಾಗಾದ್ರೆ ಚ ಬರೆಯೋದು ಹೇಗೆ? ಮುಂದೆ ಒಂದು ಟಿ ಅಂಟಿಸ್ತಾರೆ. ಅದೇ ಥರ ಅವರ ಜೆ ಅಂದ್ರೆ ಆ ಟೆಲಿವಿಷನ್ ಸದ್ದು, ನಮ್ಮ ಗಟ್ಟಿ ಜ ಬೇಕಂದ್ರೆ ಮುಂದೆ ಡಿ. 1998ರ ತಂಡದ ಜೊರ್ಕಾಯೆಫ್ ಹೆಸರು ಡಿ-ಜೆ ಅಂತ ಶುರುವಾಗೋದು ಅದಕ್ಕೇ. ಇನ್ನು ಒ-ಯು ಅಂದ್ರೆ ಉ: ಉಸ್ಮಾನ್ ದೆಂಬೆಲೆ. ನೋಡಿ, ಹೆದರಿಸೋ ಥರ ಇದ್ದ ಆ ಸ್ಪೆಲಿಂಗ್ ಹೇಳ್ತಿದ್ದಿದ್ದು ಇಷ್ಟೇ, ಚ, ಉ, ಅ, ಮೆ, ನಿ. ಕನ್ನಡದಲ್ಲಿ ಒಂದೇ ಒಂದು ಸಲ ಸರಿಯಾಗಿ ಬರೆದ್ರೆ ಆಮೇಲೆ ಯಾರೂ ತಪ್ಪಾಗಿ ಓದೋಕೆ ಸಾಧ್ಯನೇ ಇಲ್ಲ. ನಮ್ಮ ಲಿಪಿಯ ದೊಡ್ಡಸ್ತಿಕೆ ಅದು. ನಮ್ಮ ಕ್ರೀಡಾ ಪುಟಗಳು ಇಂಗ್ಲಿಷ್ ಏಜೆನ್ಸಿ ಸುದ್ದಿಯ ಸ್ಪೆಲಿಂಗನ್ನ ಹಾಗ್ಹಾಗೇ ಕನ್ನಡಕ್ಕೆ ಇಳಿಸಿದಾಗ ನನಗೆ ಹೊಟ್ಟೆ ಉರಿಯೋದು ಇದಕ್ಕೇ. ರಾತ್ರಿ ಹನ್ನೆರಡಕ್ಕೆ ಪೇಜ್ ಬಿಡೋರಿಗೆ ಟೈಮ್ ಇರಲ್ಲ, ಒಪ್ತೀನಿ. ಆದ್ರೂ ಇಂಗ್ಲಿಷಿಗೆ ಸಾಧ್ಯ ಇಲ್ಲದ ಕೆಲಸ ನಮಗೆ ಸಾಧ್ಯ ಇದೆ.

ಇನ್ನೊಂದು ಕಷ್ಟ ಅಂದ್ರೆ ಮೂಗಿನ ಸ್ವರ. ತಿಯೆರಿ ಆಂರಿ. ಹೌದು, ನಾವು 'ಹೆನ್ರಿ' ಅಂತ ಓದೋ ಅದೇ ಆರ್ಸೆನಲ್ ಸ್ಟ್ರೈಕರ್. ಎಚ್ ಮೌನ, ಹಾಗೇ ಎನ್ ಕೂಡ ಪೂರ್ತಿ ಎನ್ ಅಲ್ಲ. ಇಂಗ್ಲಿಷಲ್ಲಿ 'ಆನ್‌ರೀ' ಅಂತಾರೆ, ಅದು ಕುಂಬ್ಳೆ ಪರೀಕ್ಷೆಯಲ್ಲಿ ಪಾಸು. ಮೂಲ ಸದ್ದು ಬೇಕಾ? ಅಮ್ಮ ಅಡುಗೆಮನೆಯಿಂದ ಕೂಗಿದಾಗ ನೀವು ಮೊಬೈಲ್ ನೋಡ್ತಾ "ಹ್ಞಾಂ?" ಅಂತೀರಲ್ಲ, ಅದರ ಹ್ ತೆಗೀರಿ. ಆ ಉಳಿದ ಸ್ವರವೇ ಆಂರಿಯ ಮೊದಲ ಸ್ವರ, ಕಾಂತೆಯ ಮೊದಲ ಸ್ವರ, ದೆಶಾಂನ ಕೊನೆಯ ಸ್ವರ. ಮಂಗಳೂರು, ಕಾರವಾರ ಕಡೆ ಮನೇಲಿ ಕೊಂಕಣಿ ಮಾತಾಡೋರಿಗೆ ಇದು ಹೇಳಿಕೊಡೋದೇ ಬೇಡ, ಅವರ ಭಾಷೆಯಲ್ಲಿ ಮೂಗಿನ ಸ್ವರ ದಿನದ ವ್ಯವಹಾರ.

ಇಷ್ಟು ಕಲಿತ ಮೇಲೆ ಒಂದು ಅಪಾಯ ಇದೆ. ನಾನೇ ಅದರಲ್ಲಿ ಬಿದ್ದಿದ್ದೆ. ಕೊನೆಯ ಅಕ್ಷರ ಮೌನ ಅಂತ ಗೊತ್ತಾದ ಹುಮ್ಮಸ್ಸಲ್ಲಿ ಗೋಲ್‌ಕೀಪರ್ ಲೊರಿಸ್‌ನ 'ಲೊರಿ' ಅಂತ ಒಂದು ಇಡೀ ಸೀಸನ್ ಕರೆದೆ. ತಪ್ಪು. ಅವನ ಎಸ್ ಹೇಳಬೇಕು. ಅವನಿಗಿಂತ ಹಿಂದಿನ ಗೋಲ್‌ಕೀಪರ್ ಬಾರ್ತೆಝ್, ಅವನ ಕೊನೆಯ ಝ್ ಕೂಡ ಕೇಳಿಸುತ್ತೆ. ಯಾಕೆ? ಯಾಕಂದ್ರೆ ಈ ಹೆಸರುಗಳು ಪ್ಯಾರಿಸ್‌ನ ವ್ಯಾಕರಣ ಪುಸ್ತಕದಿಂದ ಬಂದಿಲ್ಲ. ಲೊರಿಸ್ ಹೆಸರಿನ ಮೊದಲಲ್ಲಿ ಎರಡೆರಡು ಎಲ್ ಇರೋದೇ ಸುಳಿವು, ಅದು ಸ್ಪೇನ್ ಗಡಿ ಕಡೆಯ ಕತಲಾನ್ ಹೆಸರು. ಬಾರ್ತೆಝ್ ಹುಟ್ಟಿದ್ದು ಪಿರಿನೀಸ್ ಬೆಟ್ಟದ ಬುಡದಲ್ಲಿ. ಗ್ರೀಝ್‌ಮಾನ್ ಹೆಸರಿನ ಬೇರು ಜರ್ಮನ್. ಆರ್ಸೆನ್ ವೆಂಗರ್ ಅಲ್ಸಾಸ್‌ನವರು, ಜರ್ಮನಿ ಪಕ್ಕದ ಪ್ರಾಂತ್ಯ, ಹಾಗಾಗಿ ಅವರ ಹೆಸರು ಇ-ಆರ್ ಅಂತ ಮುಗಿದ್ರೂ ಒಲಿವಿಯೆ ಥರ 'ವೆಂಗೆ' ಆಗಲ್ಲ, ಆರ್ ಕೇಳಿಸುತ್ತೆ.

ನನಗೆ ತುಂಬಾ ಇಷ್ಟವಾದ ಕಥೆ ಗಣಿ ಕಾರ್ಮಿಕರದ್ದು. ಉತ್ತರ ಫ್ರಾನ್ಸ್‌ನ ಕಲ್ಲಿದ್ದಲು ಗಣಿಗಳಿಗೆ ಪೋಲೆಂಡ್‌ನಿಂದ ಸಾವಿರಾರು ಕುಟುಂಬ ಬಂದಿದ್ವು. ಅಂಥ ಮನೆಯಲ್ಲಿ 1931ರಲ್ಲಿ ಹುಟ್ಟಿದ ಹುಡುಗ ರೇಮೊಂ ಕೊಪಾಶೆವ್ಸ್ಕಿ. ಅವನೂ ಹುಡುಗನಾಗಿದ್ದಾಗ ಗಣಿಗೆ ಇಳಿದಿದ್ದ, ಅಲ್ಲಿ ಒಂದು ಬೆರಳು ಕಳ್ಕೊಂಡ. ಫ್ರೆಂಚ್ ಬಾಯಿಗೆ ಆ ಹೆಸರು ಉದ್ದ ಆಯ್ತು, ಕತ್ತರಿಸಿದ್ರು. ಉಳಿದಿದ್ದು 'ಕೊಪಾ'. 1958ರಲ್ಲಿ ಬಾಲೋಂ ದೋರ್ ಗೆದ್ದ. ಇವತ್ತು ಯುವ ಆಟಗಾರರಿಗೆ ಕೊಡೋ ಕೊಪಾ ಟ್ರೋಫಿ ಇದೆಯಲ್ಲ, ಅದು ಈ ಅರ್ಧ ಹೆಸರಿನಲ್ಲೇ ಇರೋದು. 2018ರಲ್ಲಿ ಅದನ್ನ ಮೊದಲು ಗೆದ್ದಿದ್ದು ಎಂಬಾಪೆ. ಹತ್ತಾರು ವರ್ಷ ಆದ್ಮೇಲೆ ಪೋಲೆಂಡ್ ಮೂಲದ ಇನ್ನೊಬ್ಬ ಬಂದ, ಆರ್ಸೆನಲ್‌ಗೆ ಆಡಿದ ಲೊರಾಂ ಕೊಸ್ಯೆಲ್ನಿ. ಅವನ ಹೆಸರನ್ನ ಯಾರೂ ಕತ್ತರಿಸಲಿಲ್ಲ. ಪೋಲಿಷ್‌ನಲ್ಲಿ ಅದು 'ಕೊಶ್ಚೆಲ್ನಿ', ಫ್ರೆಂಚಲ್ಲಿ 'ಕೊಸ್ಯೆಲ್ನಿ', ಇಂಗ್ಲಿಷ್ ಸ್ಟೇಡಿಯಮ್ಮಲ್ಲಿ ದಿನಕ್ಕೊಂದು ಥರ. ಯಾವುದು ಸರಿ? ಪೋಲೆಂಡ್ ಪರ ಆಡೋ ಅವಕಾಶ ಇದ್ರೂ ಅವನು ಫ್ರಾನ್ಸ್‌ಗೆ ಆಡ್ದ. ಅವನ ಮನೆಯವರು ಫ್ರೆಂಚ್ ಥರ ಹೇಳಿದ್ರೆ ಅದೇ ಸರಿ. ಹೆಸರು ಭಾಷೆಗೆ ಸೇರಿದ್ದಲ್ಲ, ಆಸಾಮಿಗೆ ಸೇರಿದ್ದು.

ಇದು ಬರೀ ಉಚ್ಚಾರಣೆಯ ತಮಾಷೆ ಅಂದ್ಕೋಬೇಡಿ. 1996ರ ಯೂರೊ ನಡೀತಿದ್ದಾಗ ಬಲಪಂಥೀಯ ನಾಯಕ ಜಾಂ-ಮರಿ ಲೆ ಪೆನ್, ಹೊರಗಿನಿಂದ ಆಟಗಾರರನ್ನ ತಂದು ಅದಕ್ಕೆ ಫ್ರಾನ್ಸ್ ತಂಡ ಅಂತ ಹೆಸರಿಡೋದು ಕೃತಕ ಅನ್ನೋ ಅರ್ಥದ ಮಾತಾಡಿದ್ರು. ಎರಡು ವರ್ಷದ ನಂತರ ಕಪ್ ಗೆದ್ದ ತಂಡದಲ್ಲಿ ಅಲ್ಜೀರಿಯಾ ಮೂಲದ ಝಿದಾನ್, ಘಾನಾದಲ್ಲಿ ಹುಟ್ಟಿದ ದೆಸಾಯಿ, ಸೆನೆಗಲ್‌ನಲ್ಲಿ ಹುಟ್ಟಿದ ವಿಯೆರಾ ಇದ್ರು. ಇದರಲ್ಲಿ ನನಗೆ ಮಜಾ ಅನ್ಸೋದು ಏನು ಗೊತ್ತಾ? ಫ್ರೆಂಚ್ ನಿಯಮದ ಪ್ರಕಾರ 'ಪೆನ್'ನ ಎನ್ ಮೂಗೊಳಗೆ ಮಾಯ ಆಗ್ಬೇಕಿತ್ತು. ಆಗಲ್ಲ. ಯಾಕಂದ್ರೆ ಅದು ಬ್ರಿಟನಿ ಪ್ರಾಂತ್ಯದ ಬ್ರೆಟನ್ ಭಾಷೆಯ ಹೆಸರು. ಯಾರ ಹೆಸರು ಎಷ್ಟು ಫ್ರೆಂಚ್ ಅಂತ ಅಳೆಯೋಕೆ ಹೊರಟವರ ಹೆಸರೇ ಆ ನಿಯಮಕ್ಕೆ ಕೂರಲ್ಲ!

ಈಗ ಎಂಬಾಪೆ. ಅಪ್ಪ ಕ್ಯಾಮರೂನ್ ಮೂಲ, ಅಮ್ಮ ಅಲ್ಜೀರಿಯಾ ಮೂಲ, ಹುಡುಗ ಬೆಳೆದಿದ್ದು ಪ್ಯಾರಿಸ್ ಪಕ್ಕದ ಬೋಂದಿಯಲ್ಲಿ. ಅವನ ಹೆಸರಲ್ಲಿ ಮ್ ಮತ್ತು ಬ ಒಟ್ಟಿಗೆ, ಮುಂದೆ ಸ್ವರ ಇಲ್ಲ: ಮ್ಬಪೆ. ತುಟಿ ಮುಚ್ಚಿ ಒಂದು ಕ್ಷಣ ಮ್ ಅಂದು ಹಾಗೇ ಬಕ್ಕೆ ಬಿಡಬೇಕು. ಇಂಗ್ಲಿಷ್‌ನವರು ಮುಂದೆ ಎ ಸೇರಿಸ್ತಾರೆ, ಫ್ರಾನ್ಸ್‌ನಲ್ಲೂ ಸುಮಾರು ಜನ ಸೇರಿಸ್ತಾರೆ, ನಾವೂ ಸೇರಿಸ್ತೀವಿ. ಪಾಸು. ನಮ್ಮಲ್ಲಿ ಕೆಲವರು ಪಕ್ಕೆ ಒತ್ತು ಕೊಟ್ಟು 'ಎಂಬಪ್ಪೆ' ಮಾಡಿ ಅವನನ್ನ ಯಾರೋ ಕೆಂಪಪ್ಪ, ಬಸಪ್ಪನ ತಮ್ಮನ ಥರ ಕರೀತಾರೆ. ಪ್ರೀತಿ ಇದೆ, ಆದ್ರೆ ಪ ಒಂದೇ.

ಕಾಂತೆಯ ಮೊದಲ ಹೆಸರಂತೂ ನಮಗಾಗೇ ಇಟ್ಟ ಹಾಗಿದೆ. ಎನ್ ಬರೆದು ಮೇಲೆ ಒಂದು ಚುಕ್ಕೆ ಥರ ಅಪಾಸ್ಟ್ರಫಿ, ಆಮೇಲೆ ಗೋಲೊ. ಇಂಗ್ಲಿಷಲ್ಲಿ 'ಎನ್-ಗೋಲೊ' ಅಂತ ಮೂರು ತುಂಡು ಮಾಡ್ತಾರೆ. ಅದು ಎರಡೇ ತುಂಡು. ಒಂದನೇ ಕ್ಲಾಸಲ್ಲಿ ಕ ಖ ಗ ಘ ಆದ್ಮೇಲೆ ಙ ಅಂತ ತಿದ್ದಿದ್ವಲ್ಲ? ಜೀವನದಲ್ಲಿ ಒಂದು ದಿನವೂ ಬಳಸದ ಅಕ್ಷರ ಯಾಕೆ ಕಲಿಸಿದ್ರಪ್ಪ ಅಂತ ಬೈಕೊಂಡಿದ್ವಲ್ಲ? ಇಲ್ಲಿದೆ ನೋಡಿ ಅದರ ಕೆಲಸ: ಙ್ಗೊಲೊ ಕಾಂತೆ. ಕನ್ನಡದಲ್ಲಿ ಆ ಹೆಸರನ್ನ ಬರೆದ ಹಾಗೆ ಓದಬಹುದು. ಬಸ್ಸಲ್ಲಿ ಇರೋರು ಈಗ ಹೇಳಿ ನೋಡಿ. ಙ್ಗೊಲೊ.

ಚೆಕ್ ಮಾಡೋದು ಎಲ್ಲಿ ಅಂತ ಕೇಳ್ತೀರಾ. ಹೊಸ ಕ್ಲಬ್ ಸೇರಿದ ದಿನ ಆಟಗಾರರು ಕ್ಯಾಮೆರಾ ಮುಂದೆ ತಮ್ಮ ಹೆಸರು ಹೇಳೋ ವಿಡಿಯೊ ಸಿಕ್ಕಿದ್ರೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಇಲ್ಲದಿದ್ರೆ ಫೋರ್ವೊ ಅಂತ ಒಂದು ಸೈಟ್ ಇದೆ, ಆಯಾ ಭಾಷೆಯವರೇ ಪದಗಳನ್ನ ಓದಿ ಹಾಕಿರ್ತಾರೆ.

ತಿದ್ದೋದು ಹೇಗೆ ಅನ್ನೋದೇ ನನಗೆ ತಲೆನೋವಾಗಿದ್ದು. ಈಗ ನಾನು ತಿದ್ದೋದೇ ಇಲ್ಲ. ಯಾರಾದ್ರೂ 'ವರಾನೆ' ಅಂದ್ರೆ, "ಹೌದು, ವರಾನ್ ಆ ಮ್ಯಾಚಲ್ಲಿ ಚೆನ್ನಾಗಾಡ್ದ" ಅಂತ ಮುಂದುವರಿಸ್ತೀನಿ. ಕಿವಿ ಇದ್ದೋರು ಹಿಡ್ಕೋತಾರೆ. ಹಿಡ್ಕೊಳ್ಳದಿದ್ರೆ ಮಾತಂತೂ ನಿಲ್ಲಲ್ಲ.

ಈ ಸಂಚಿಕೆ ಮಾಡೋ ಮುಂಚೆ ನನ್ನ ತಮ್ಮನಿಗೆ ಫೋನ್ ಮಾಡಿದ್ದೆ. ಈಗ ಡಿಗ್ರಿ ಓದ್ತಿದ್ದಾನೆ. ಅವತ್ತಿನ ವಿಷಯ ಹೇಳಿ, ಸಾರಿ ಕಣೋ ಅಂದೆ. "ಬಿಡಣ್ಣಾ, ಅದೇನ್ ದೊಡ್ಡ ವಿಷ್ಯ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈಕೆಲ್ ಓಲಿಸ್ ಅಂತ ಬಯರ್ನ್‌ಗೆ ಆಡ್ತಾನಲ್ಲ, ಫ್ರಾನ್ಸ್ ಟೀಮಲ್ಲಿದಾನೆ, ಅವನ ಹೆಸರು ಹೇಗೆ ಹೇಳೋದು?" ಅಂತ ಕೇಳ್ದ. ಕೊನೇಲಿ ಬರೀ ಇ, ಮೇಲೆ ಗೆರೆ ಇಲ್ಲ, ಸೋ ಮೌನ, ಓಲೀಸ್ ಅಂದೆ. "ಅಲ್ಲಣ್ಣಾ" ಅಂದ. "ಓಲೀಸೆ. ಅವನು ಹುಟ್ಟಿದ್ದು ಲಂಡನ್ನಲ್ಲಿ, ಹೆಸರು ಅಪ್ಪನ ನೈಜೀರಿಯಾ ಕಡೇದು. ನಾನು ಚೆಕ್ ಮಾಡಿದೀನಿ."

ನಗಲಿಲ್ಲ ಮಾತ್ರ, ಒಳ್ಳೇ ಹುಡುಗ.

ಓಕೆ, ಇವತ್ತಿಗೆ ಇಷ್ಟೇ. ನಿಮ್ಮ ನಾಲಿಗೆಗೆ ಸಿಗದ ಹೆಸರು ಯಾವುದಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ, ತಪ್ಪಾಗೇ ಕಳಿಸಿ. ಸಿಗೋಣ.